ಮಾನ್ಯತೆ ಇದೆಯೇ ಎಂದು ಕಾಲೇಜನ್ನೇ ಕೇಳಿದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಂದು ಕಾಲೇಜಿಗೆ ಮಾನ್ಯತೆ ಇದೆಯೋ ಇಲ್ಲವೋ ಎಂದು ನಾನು ಆ ಕಾಲೇಜನ್ನೇ ಕೇಳಿದೆ. ಅದೂ ಸರ್ಕಾರಿ ಸಾಹೇಬರ ದನಿ ತೆಗೆದು.

ಎರಡು ವರ್ಷದ ಹಿಂದೆ ಪುಣೆಯ ಸದಾಶಿವ ಪೇಠದ ಪ್ರವೇಶ ಮಾರ್ಗದರ್ಶನ ಕಚೇರಿಯೊಂದರಲ್ಲಿ ಕೌನ್ಸೆಲರ್ ಆಗಿದ್ದೆ, ಈಗಲೂ ಅಲ್ಲೇ ಇದ್ದೇನೆ. ಯಾರು ಯಾವ ಕೋರ್ಸಿಗೆ ಸೇರಬೇಕೆಂದು ಹೇಳುವ ಕೆಲಸ. ಸ್ವತಃ ಎರಡು ಕೋರ್ಸುಗಳನ್ನು ಅರ್ಧಕ್ಕೆ ಬಿಟ್ಟವನಿಗೆ ಅನುಭವಕ್ಕೇನು ಕೊರತೆ. ಬಿಡುವಿದ್ದಾಗ ಬಾಸ್‌ನ ಕೆಮ್ಮಿನಿಂದ ಹಿಡಿದು ಎಲ್ಲರನ್ನೂ ಅಣಕಿಸುತ್ತಿದ್ದೆ.

ಜುಲೈನಲ್ಲಿ ಸುಮಿತ್ರಾ ಕಾಕು ಬಂದರು. ಧಾರವಾಡದವರು, ನಮ್ಮವ್ವನ ಗೆಳತಿ, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಮಗಳು ಮೇಧಾಳನ್ನು ಕಾತ್ರಜ ಬಡಾವಣೆಯಾಚೆಯ ಒಂದು ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್‌ಗೆ ಸೇರಿಸಬೇಕಿತ್ತು.

"ಮಾನ್ಯತೆ ಅದನೋ ಇಲ್ಲೋ ನೀನ ನೋಡಿ ಹೇಳಪಾ. ನನಗ ಡ್ಯೂಟಿ ಮುಗಿಯೂದಿಲ್ಲ" ಎಂದರು.

ನರ್ಸಿಂಗ್ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಪಟ್ಟಿ ಇರುತ್ತದೆ: ಯಾವ ಕಾಲೇಜು, ಯಾವ ಕೋರ್ಸು, ಯಾವ ವರ್ಷ. ನೋಡಲು ಐದು ನಿಮಿಷ ಸಾಕು. ನಾನು ಅದರ ಬದಲು ಕಾಲೇಜಿಗೇ ಫೋನ್ ಮಾಡಿ, ಮೂಗಿನಲ್ಲಿ ಮರಾಠಿ ಎಳೆಯುತ್ತ, "ಮಾನ್ಯತಾ ಆಹೇ ಕಾ?" ಎಂದು ಗದರಿದೆ. ಅಲ್ಲಿನ ಗುಮಾಸ್ತ ಬೆದರಿ "ಆಹೇ ಸಾಹೇಬ, ಆಹೇ", ಇದೆ ಇದೆ, ಎಂದ. ಪಕ್ಕದ ಟೇಬಲಿನವರು ಬಿದ್ದು ಬಿದ್ದು ನಕ್ಕರು. ನಾನು ಕಾಕುಗೆ, "ಎಲ್ಲಾ ಚೆಕ್ ಮಾಡೇನ್ರಿ" ಎಂದೆ.

ಮೇಧಾ ಸೇರಿದಳು. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಂಡಿತು. ಮೂರು ವಾರದ ಮೇಲೆ ಅವಳೇ ಪಟ್ಟಿ ತೆರೆದು ನನಗೆ ಸ್ಕ್ರೀನ್‌ಶಾಟ್ ಕಳಿಸಿದಳು. ಕಾಲೇಜಿನ ಹೆಸರೇನೋ ಇತ್ತು, ಆದರೆ ಡಿಪ್ಲೊಮಾಕ್ಕೆ ಮಾತ್ರ. ಗುಮಾಸ್ತ ಸುಳ್ಳು ಹೇಳಿರಲಿಲ್ಲ. ಯಾವ ಕೋರ್ಸಿಗೆ ಎಂದು ಸಾಹೇಬರು ಕೇಳಿರಲಿಲ್ಲ. ಅಲ್ಲಿ ಬಿಎಸ್ಸಿ ಮುಗಿಸಿದರೂ ಅವಳಿಗೆ ನರ್ಸ್ ಎಂದು ನೋಂದಣಿ ಆಗುವುದಿಲ್ಲ. ಮಾನ್ಯತೆಯಿದ್ದ ಇನ್ನೊಂದು ಕಾಲೇಜಿನಲ್ಲಿ ಸೀಟಿತ್ತು. ಶುಕ್ರವಾರದೊಳಗೆ ಮೂಲ ದಾಖಲೆ ತೋರಿಸಬೇಕಿತ್ತು.

ಅಂಕಪಟ್ಟಿ ವಾಪಸ್ ಕೇಳುತ್ತ ಸೋಮವಾರದಿಂದ ಮೊದಲ ಕಾಲೇಜಿಗೆ ಅಲೆದೆ. ಸರ್ ಮೀಟಿಂಗ್‌ನಲ್ಲಿದ್ದಾರೆ. ಅರ್ಜಿ ಕೊಡಿ. ಇಂಗ್ಲಿಷ್ ಬೇಡ, ಮರಾಠಿಯಲ್ಲಿ ಕೊಡಿ. ಕಪಾಟಿನ ಕೀಲಿ ಇರುವವರು ರಜೆಯಲ್ಲಿದ್ದಾರೆ. ಮೂರು ದಿನ ಇದೇ ಹಾಡು. ಸಿಟ್ಟು ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಈಗ ಕಚೇರಿಗೆ ಯಾರೇ ಬಂದರೂ ಕೌನ್ಸಿಲ್‌ನ ಪಟ್ಟಿ ತೆರೆದು, ಕಂಪ್ಯೂಟರನ್ನು ಅವರತ್ತ ತಿರುಗಿಸಿ, ಕೋರ್ಸನ್ನೂ ವರ್ಷವನ್ನೂ ಅವರಿಂದಲೇ ಓದಿಸುತ್ತೇನೆ.

ಗುರುವಾರ ಬೆಳಿಗ್ಗೆ ಕಾಕು ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಮೇಧಾಳೊಂದಿಗೆ ಕಾಲೇಜಿಗೆ ಬಂದು, ಯಾರನ್ನೂ ಕೇಳದೆ ನಿರ್ದೇಶಕರ ಎದುರು ಕುಳಿತರು. ನಿರ್ದೇಶಕರು ಮೂಲತಃ ಬೆಳಗಾವಿಯವರಂತೆ, ಬೆಣ್ಣೆಯಂಥ ಕನ್ನಡ.

"ಬಿಎಸ್ಸಿಗೂ ಅರ್ಜಿ ಹಾಕೇವ್ರಿ ಅಕ್ಕಾರ. ಮಾನ್ಯತೆ ಇನ್ನೇನ್ ಬಂದಬಿಡ್ತದ. ಅಲ್ಲೀತನಕ ಹುಡುಗಿ ಕಲೀಲಿ."

ಹತ್ತು ನಿಮಿಷದಲ್ಲಿ ಅಂಕಪಟ್ಟಿಗಳು ಮೇಧಾಳ ಕೈಯಲ್ಲಿದ್ದವು. ಕಾಕು ಕೇಳಿದ್ದು ಒಂದೇ ಮಾತು:

"ಲೈಸೆನ್ಸ್ ಇನ್ನೇನ್ ಬರ್ತದ ಅನ್ನೋ ನರ್ಸ್ ಸೂಜಿ ಹಿಡ್ಕೊಂಡ ಬಂದ್ರ, ನೀವು ರಟ್ಟಿ ಮುಂದ ಮಾಡ್ತೀರೇನ್ರಿ?"