ಬಾವಿಗೆ ಬೇಕಾಗಿದ್ದ ಆಮೆ

ಯಾರಾದರೂ "ಹೌದಲ್ವಾ?" ಎಂದರೆ ಸಾಕು, ಭಂಡಿಗಡಿಯ ವೆಂಕಮ್ಮನ ಬಾಯಲ್ಲಿ "ಅಲ್ಲ" ಎಂದು ಬಂದೇ ಬರುತ್ತಿತ್ತು. ಅದು ಸೊಕ್ಕು ಎಂದು ನೆಂಟರು, ಪಿತ್ತ ಎಂದು ಗಂಡ ವಾಸಪ್ಪ ನಂಬಿದ್ದರು. ಮದುವೆಯಾಗಿ ಬಂದಾಗ ಅತ್ತೆಯ ಹೆಸರೂ ವೆಂಕಮ್ಮ ಎಂದೇ ಇತ್ತು. ಒಂದೇ ಮನೆಯಲ್ಲಿ ಇಬ್ಬರು ವೆಂಕಮ್ಮಂದಿರಿದ್ದರೆ ಕರೆದಾಗ ಯಾರು ಬರಬೇಕು? ಹಿರಿಯರು ಸೇರಿ ಸೊಸೆಗೆ ಶಾರದೆ ಎಂದು ಹೆಸರಿಟ್ಟು, ಪಾಯಸ ಉಂಡು ಎದ್ದು ಹೋದರು. ಈಕೆ ಆ ಹೆಸರಿಗೆ ಓಗೊಡಲೇ ಇಲ್ಲ. "ಶಾರದಾ, ಹಾಲು ಉಕ್ತು!" ಎಂದು ಅತ್ತೆ ಕೂಗಿದರೆ, ಆ ಶಾರದೆ ಯಾರೋ ಎಂಬಂತೆ ಒಲೆಯ ಪಕ್ಕದಲ್ಲೇ ಕೂತು ಹಾಲು ಹರಿಯುವುದನ್ನು ನೋಡುತ್ತಿದ್ದಳು. ಕೊನೆಗೆ ಅತ್ತೆಯೇ ಸೋತು "ಏ ವೆಂಕಮ್ಮಾ" ಎಂದರು. ಪಾಪ, ತಮ್ಮನ್ನು ತಾವೇ ಗದರಿಕೊಂಡ ಹಾಗಾಯಿತು ಅವರಿಗೆ.

ಇಂಥ ವೆಂಕಮ್ಮನ ಕನ್ನಡಕದ ಮೇಲೆ ಮೊನ್ನೆ ಬೇಸಿಗೆಯಲ್ಲಿ ವಾಸಪ್ಪ ಕೂತುಬಿಟ್ಟ. ಹೊಸದು ತಯಾರಾಗಿದೆ ಎಂದು ಅಂಗಡಿಯಿಂದ ಫೋನ್ ಬಂದ ಬೆಳಿಗ್ಗೆ, ಸೊಸೆ ಚೈತ್ರಳ ಸ್ಕೂಟರ್ ಹತ್ತಿ ಆಕೆ ಕೊಪ್ಪಕ್ಕೆ ಹೊರಟಳು. ಊರು ದಾಟಿದ್ದಷ್ಟೆ, ಚೈತ್ರ ಗಕ್ಕನೆ ಬ್ರೇಕ್ ಹಾಕಿದಳು.

"ಯಾರೋ ಬೋಗುಣಿ ಬೀಳಿಸ್ಕೊಂಡು ಹೋಗಿದಾರೆ," ಎಂದಳು ವೆಂಕಮ್ಮ.

"ಬೋಗುಣಿಗೆ ಕಾಲು ಇರ್ತದಾ ಅತ್ತೆ? ಆಮೆ ಅದು."

ವಾಹನ ಹಾಯ್ದೀತೆಂದು ವೆಂಕಮ್ಮ ಇಳಿದು ಅದನ್ನು ಎತ್ತಿಕೊಂಡಳು. ಆಮೆ ಕತ್ತು ಒಳಗೆಳೆದುಕೊಂಡು, ಎತ್ತಿದ ಮರ್ಯಾದೆಗೆ ಆಕೆಯ ಸೀರೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ಯಿತು. ಅಷ್ಟರಲ್ಲಿ ಪಿಕಪ್ಪೊಂದು ಬಂದು ನಿಂತಿತು. ಇಳಿದವನು ಉಮಾಮಹೇಶ್ವರ. ಪಂಚಾಯ್ತಿ ಮೆಂಬರು, ಕೆಟ್ಟವನಲ್ಲ, ಆದರೆ ದಾರಿಯಲ್ಲಿ ಸಿಕ್ಕ ಯಾವುದಕ್ಕೂ ತನ್ನದೊಂದು ತೀರ್ಮಾನ ಕೊಡದೆ ಮುಂದೆ ಹೋದವನಲ್ಲ.

"ಹುಡುಕ್ತಿದ್ದಿದ್ದೇ ಸಿಕ್ತಲ್ಲ! ಕೊಡಿ ವೆಂಕಮ್ಮಕ್ಕ ಇತ್ಲಾಗೆ. ಹೊಸ ಬಾವಿಗೆ ಸಿಮೆಂಟ್ ರಿಂಗ್ ಇಳಿಸಿ ಆಯ್ತು, ಒಂದು ಆಮೆ ಬಿಡೋದು ಬಾಕಿ ಇತ್ತು."

ಆಮೆ ಬಿಟ್ಟರೆ ಅದು ಹುಳಹುಪ್ಪಟೆ ತಿಂದು ಬಾವಿಯ ನೀರನ್ನು ಚೊಕ್ಕಟವಾಗಿಡುತ್ತದೆ ಎಂಬುದು ಆ ಕಡೆಯ ನಂಬಿಕೆ. ವೆಂಕಮ್ಮನ ತವರಿನ ಬಾವಿಯಲ್ಲೂ ಒಂದಿತ್ತು. ಕೊಡುವುದರಲ್ಲಿ ತಪ್ಪೇನೂ ಇರಲಿಲ್ಲ.

"ಬಾವಿ ಆಮೆನೇ ಅಲ್ವಾ ಇದು?" ಎಂದುಬಿಟ್ಟ ಉಮಾಮಹೇಶ್ವರ.

"ಅಲ್ಲ," ಎಂದಳು ವೆಂಕಮ್ಮ.

ನಿಜ ಹೇಳಬೇಕೆಂದರೆ ಅದು ಬರೀ ಅಭ್ಯಾಸದಿಂದ ಬಂದ ಮಾತು. ಚೈತ್ರಳಿಗೆ ಅದು ಗೊತ್ತಾಯಿತು, ಸ್ವತಃ ವೆಂಕಮ್ಮನಿಗೂ ಗೊತ್ತಾಯಿತು. ಆದರೆ ಅಂದಾದ ಮೇಲೆ ಕಾರಣ ಹುಡುಕಬೇಕಲ್ಲ. ಕಣ್ಣು ಮಂಜಾಗಿದ್ದರಿಂದ ಆಕೆ ಆಮೆಯ ಕಾಲನ್ನು ಕೈಯಿಂದ ತಡವಿದಳು. ತವರಿನ ಬಾವಿಯ ಆಮೆ ಆಗಾಗ ಕೊಡದ ಜೊತೆಗೇ ಮೇಲೆ ಬರುತ್ತಿತ್ತು. ಅದರ ಬೆರಳುಗಳ ನಡುವೆ ಬಾತುಕೋಳಿಗಿರುವಂಥ ತೆಳ್ಳನೆಯ ಚರ್ಮವಿತ್ತು. ಇದಕ್ಕೆ ಬೆರಳುಗಳೇ ಇಲ್ಲವೆನ್ನಬೇಕು. ಆನೆಮರಿಯ ಕಾಲಿನಂತೆ ಮೋಟಾಗಿ, ಒರಟಾಗಿ, ತುದಿಯಲ್ಲಿ ಉಗುರಷ್ಟೇ ಇತ್ತು. ಬಾಯಿಗೆ ಬಂದಂತೆ ಹೇಳಿದ ಮಾತೇ ನಿಜವಾಗಿಬಿಟ್ಟಿತಲ್ಲ ಎಂದು ವೆಂಕಮ್ಮ ಆಮೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಈ ಕಾಲಲ್ಲಿ ಇದು ಎಂತ ಈಜ್ತದೆ? ನೆಲದ್ದು ಇದು. ಬಾವಿಗೆ ಹಾಕಿದ್ರೆ ಸಾಯ್ತದೆ."

"ಕನ್ನಡಕ ಇಲ್ಲದೆ ಮೊನ್ನೆ ನನ್ನ ತಮ್ಮನ್ನ ನಾನು ಅಂತ ಮಾತಾಡಿಸಿದ್ರಿ. ಈಗ ಆಮೆ ಗುರುತು ಹಿಡೀತಾರಂತೆ!"

"ನಿಮ್ಮಿಬ್ಬರಲ್ಲಿ ಯಾರಾದ್ರೇನು, ಮಾತು ಒಂದೇ ಅಲ್ವಾ?"

ಚೈತ್ರ ಜಗಳ ಬೇಡವೆಂದು ಆಮೆಯ ಫೋಟೊ ತೆಗೆದು ಮೊಬೈಲಿನಲ್ಲಿ ಹುಡುಕಿದಳು. ಸಿಗ್ನಲ್ಲಿಗಾಗಿ ಕೈಯನ್ನು ಮೂರು ದಿಕ್ಕಿಗೆ ಎತ್ತಿ ಹಿಡಿದ ಮೇಲೆ ಉತ್ತರ ಬಂತು. "ಅಮೆರಿಕದ ಮರುಭೂಮಿ ಆಮೆ ಅಂತೆ," ಎಂದಳು ಸಣ್ಣ ದನಿಯಲ್ಲಿ.

ಉಮಾಮಹೇಶ್ವರ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮೆರಿಕದಿಂದ ನಡ್ಕೊಂಡೇ ಬಂತಾ ಮಾರಾಯ್ತಿ? ಪಾಸ್‌ಪೋರ್ಟ್ ಎಲ್ಲಿ ಕೇಳು!"

"ಮೊಬೈಲು ಊರು ತಪ್ಪು ಹೇಳಿರಬಹುದು," ಎಂದಳು ವೆಂಕಮ್ಮ. "ಮರುಭೂಮೀದು ಅಂತು, ಬಾವೀದು ಅಂತೇನೂ ಹೇಳಿಲ್ಲವಲ್ಲ."

ಉಮಾಮಹೇಶ್ವರನ ನಗು ನಿಂತಿತು. ಹಿಂದೆ ಇನ್ನೆರಡು ವಾಹನ ಬಂದು ನಿಂತಿದ್ದವು, ಅವುಗಳಲ್ಲಿದ್ದವರು ಇಣುಕುತ್ತಿದ್ದರು. ಮೆಂಬರಾದವನು ನಾಲ್ಕು ಜನರೆದುರು ಬರಿಗೈಲಿ ಹೋಗುವುದು ಹೇಗೆ? "ಒಂದು ಕೆಲಸ ಮಾಡಾಣ ಅಕ್ಕ," ಎಂದು ಚಿಪ್ಪಿಗೆ ಕೈ ಹಾಕಿದ. "ಬಾವಿಗೆ ಬಿಟ್ಟು ನೋಡಾಣ. ಈಜಿದ್ರೆ ಇರ್ಲಿ, ಮುಳುಗಿದ್ರೆ ತೆಗೆಯಾಣ."

"ಮೊದ್ಲು ನಿಮ್ಮನ್ನ ಬಿಟ್ಟು ನೋಡಾಣ. ಮುಳುಗಿದ್ರೆ ತೆಗೀತೀವಿ."

ಕಾರಿನೊಳಗಿಂದ ಯಾರೋ ಕಿಸಕ್ಕೆಂದರು. ಉಮಾಮಹೇಶ್ವರ ಕೈ ತೆಗೆಯಲಿಲ್ಲ, ವೆಂಕಮ್ಮನೂ ಬಿಡಲಿಲ್ಲ. ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ಆಮೆ ಇನ್ನೊಮ್ಮೆ ಉಚ್ಚೆ ಹೊಯ್ಯಿತು. ಈ ಸಲ ಮೆಂಬರನ ಬಿಳಿ ಅಂಗಿಯ ತೋಳಿಗೆ. ಅವನು "ಥೂ!" ಎಂದು ಕೈ ಕೊಡವಿದ. ಅಷ್ಟು ಸಾಕಾಯಿತು.

"ಚೈತ್ರಾ, ಇದು ಯಾವ ಕಡೆ ಮುಖ ಮಾಡಿತ್ತು ಹೇಳು."

"ಗುಡ್ಡದ ಕಡೆ ಅತ್ತೆ. ಹಳ್ಳದ ಕಡೆ ಬೆನ್ನಿತ್ತು."

"ಕೇಳಿಸ್ಕೊಂಡ್ರಾ? ನೀರಿಗೆ ಬೆನ್ನು ಮಾಡಿ ಹೊರಟಿದ್ದನ್ನ ನೀರಿಗೆ ಹಾಕ್ತಾರಂತೆ!" ಎನ್ನುತ್ತ ಆಕೆ ಆಮೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ರಸ್ತೆಯಂಚಿಗೆ ಗೋಡೆಯಂತೆ ಎದ್ದಿದ್ದ ಮಣ್ಣಿನ ಧರೆ ಹತ್ತತೊಡಗಿದಳು. ಬೇರು ಎಂದುಕೊಂಡು ಹಿಡಿದದ್ದು ಬಳ್ಳಿಯಾಗಿ ಕಿತ್ತು ಬಂತು, ಮೊಣಕಾಲು ತರಚಿತು, ಚೈತ್ರ ಹಿಂದಿನಿಂದ ತಳ್ಳಿದಳು. ಅರವತ್ತರ ಹೆಂಗಸು ಧರೆ ಹತ್ತುವ ಚೆಂದವನ್ನು ವರ್ಣಿಸದಿರುವುದೇ ಒಳ್ಳೆಯದು. ಮೇಲೆ ಮರಗಳ ಬುಡದಲ್ಲಿ, ಗುಡ್ಡದ ಕಡೆಗೇ ಮುಖ ಮಾಡಿಸಿ, ಆಮೆಯನ್ನು ತರಗೆಲೆಯ ಮೇಲೆ ಇಳಿಸಿದಳು.

ಉಮಾಮಹೇಶ್ವರ ಕೆಳಗಿನಿಂದ ಕೂಗಿದ. "ಹಂಗಾದ್ರೆ ಅದು ಯಾವ ಜಾತಿ ಆಮೆ ಹೇಳ್ರಿ ನೋಡಾಣ! ಹೆಸರು ಹೇಳಿ ಸಾಕು, ನಾನು ಹೋಗ್ತೇನೆ!"

"ನಂಗೊತ್ತಿಲ್ಲ!" ವೆಂಕಮ್ಮ ಗೆದ್ದವಳ ದನಿಯಲ್ಲಿ ಕೂಗಿದಳು. "ನಿಮ್ಮ ಬಾವೀದಲ್ಲ. ಅಷ್ಟು ಗೊತ್ತು!"

ಹಿಂದಿನ ವಾಹನಗಳು ಹಾರ್ನ್ ಹೊಡೆದವು. ಮೆಂಬರು ಏನೋ ಗೊಣಗಿದರೂ ಪಿಕಪ್ ಹತ್ತಲಿಲ್ಲ. ಆಕೆ ಹೋದ ಮೇಲೆ ಧರೆ ಹತ್ತುವ ಯೋಚನೆ ಅವನಿಗಿದ್ದಿರಬಹುದು. ಅದನ್ನು ನೋಡಲು ವೆಂಕಮ್ಮನಿಗೆ ಕನ್ನಡಕ ಬೇಕಿರಲಿಲ್ಲ.

"ಆಮೆ ಹೋಯ್ತೇನೇ?" ಎಂದು ಸೊಸೆಯನ್ನು ಕೇಳಿದಳು.

"ಈಗ ಕತ್ತು ಹೊರಗೆ ಹಾಕಿದೆ ಅತ್ತೆ. ಹೊರಡ್ತು. ತುಂಬ ನಿಧಾನ."

"ಹೋಗ್ಲಿ ಬಿಡು, ಅದ್ರ ಕಾಲು, ಅದ್ರ ಇಷ್ಟ," ಎಂದು ವೆಂಕಮ್ಮ ರಸ್ತೆಗೆ ಮುಖ ಮಾಡಿ, ಸೊಂಟಕ್ಕೆ ಕೈ ಕೊಟ್ಟು, ಧರೆಯ ಮೇಲೆ ಅಡ್ಡ ನಿಂತಳು. "ಅದು ಪೂರ್ತಿ ಕಾಣದ ಹಾಗೆ ಆದ ಮೇಲೆ ಹೇಳು. ಅಲ್ಲೀವರೆಗೆ ನಾನು ಇಲ್ಲಿಂದ ಅಲ್ಲಾಡಲ್ಲ."