ಕನ್ನಡಕದ ಗೂಬೆಗೆ ನಾನು ಕೊಟ್ಟ ದನಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಪೂರ್ತಿ ನನ್ನದು. ಹೋದ ತಿಂಗಳು ಮಾನ್ವಿಯಲ್ಲಿ ಒಂದು ಗೂಬೆಯ ಚಿತ್ರಕ್ಕೆ ದನಿ ಕೊಟ್ಟೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ನಗು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಮಿಮಿಕ್ರಿ. ರಾಯಚೂರಿನಲ್ಲಿ ನಾನು ಅಣಕಿಸದೆ ಬಿಟ್ಟವರು ಯಾರಿದ್ದಾರೆ? (ಕನ್ನಡಿ ಸಿಕ್ಕರೆ ನನ್ನನ್ನೂ ಬಿಡುವುದಿಲ್ಲ.) ಅದಕ್ಕೇ ಮಹಬೂಬಿ ಟೀಚರ್ ಫೋನ್ ಮಾಡಿದ್ದು. "ಬಾ ಬೇಟಾ, ನನ್ನ ಪುಸ್ತಕದಾಗಿನ ಪ್ರಾಣಿಗೋಳಿಗೆ ಸ್ವಲ್ಪ ದನಿ ಕೊಡು."

ಟೀಚರ್ ರಿಟೈರ್ ಆದವರು. ಭಾನುವಾರ ಮಾನ್ವಿಯ ವಾಚನಾಲಯದಲ್ಲಿ ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಒಂದು ಚಿತ್ರಪುಸ್ತಕ ತೋರಿಸುತ್ತಾರೆ. ನೂರು ವರ್ಷದ ಹಿಂದೆ ಬ್ರಿಟನ್ನಿನ ಮಕ್ಕಳಿಗೆಂದು ಅಚ್ಚಾದದ್ದು. ಏನು ಚಿತ್ರಗಳು ಅಂತೀರಿ! ಕೋಟು ತೊಟ್ಟ ಕಪ್ಪೆ ಪೇಪರ್ ಓದುತ್ತಿದೆ. ಏಪ್ರನ್ ಕಟ್ಟಿದ ಇಲಿ ಬಟಾಣಿ ಸುಲಿಯುತ್ತಿದೆ. ಮರಕ್ಕೊಂದು ಸೊಟ್ಟ ಮೂಗು. ಜೇಡರ ಬಲೆಯ ಮೇಲೆ ಬೆರಳುದ್ದದ ಕಿನ್ನರಿಯರು ಬಟ್ಟೆ ಒಣಹಾಕಿದ್ದಾರೆ. ಕೂದಲೆಳೆಯಂಥ ಕಪ್ಪು ಗೆರೆ, ಒಳಗೆ ಚಹಾ ಚೆಲ್ಲಿದಂಥ ತೆಳು ಬಣ್ಣ.

ಟೀಚರ್ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಾರೆ. ಮುಂದಿನ ಹಲ್ಲು ಬಿದ್ದಿದೆ, ‘ಸ’ ಬಂದಲ್ಲೆಲ್ಲ ಸಣ್ಣ ಸೀಟಿ. "ಸರಿಯಾಗಿ ನೋಡ್ರಿ, ಕಪ್ಪಿ ಕೋಟಿನ ಗುಂಡಿ ಸಡಿಲ ಆಗೇದ. ಹೆಂಡ್ತಿ ತವರಮನಿಗೆ ಹೋಗಿರಬೇಕು!"

ಆ ಭಾನುವಾರ ಅವರು ಬರುವುದು ತಡವಾಯಿತು. ಪುಸ್ತಕ ಮೇಜಿನ ಮೇಲಿತ್ತು. ನಾನು ಶುರು ಹಚ್ಚಿಕೊಂಡೆ. ಕಪ್ಪೆ ಆಯಿತು, ಇಲಿ ಆಯಿತು. ನಕ್ಕರು, ಆದರೆ ನನಗೆ ಸಾಲಲಿಲ್ಲ. (ನಮ್ಮಂಥವರಿಗೆ ಎಂದು ಸಾಕಾಗಿದೆ?) ಮುಂದಿನ ಪುಟದಲ್ಲಿ ಶಾಲು ಹೊದ್ದು, ಕನ್ನಡಕ ಏರಿಸಿ ಮರಿಗಳಿಗೆ ಪಾಠ ಹೇಳುವ ಗೂಬೆ. ಪುಸ್ತಕ ಮೂಗಿಗೆ ಹಿಡಿದೆ. ಹಲ್ಲಿನ ಸಂದಿಯಿಂದ ಸೀಟಿ ಬಿಟ್ಟೆ. "ಸುಮ್ಮನ ಕೂಡ್ರಿ, ಸಾಲಿ ಸುರು ಆತು!"

"ಲೇ, ನಮ್ಮ ಟೀಚರ್!" ಅಂತ ಒಬ್ಬ ಕೂಗಿದ. ವಾಚನಾಲಯ ಹಾರಿಹೋಗುವಂಥ ನಗು. ನಾನು ಮತ್ತೆ ಮಾಡಿದೆ. ಇನ್ನೊಮ್ಮೆ ಮಾಡುವಾಗ ಬಾಗಿಲ ಕಡೆಯ ಮಕ್ಕಳು ಸುಮ್ಮನಾಗಿಬಿಟ್ಟರು. ಟೀಚರ್ ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು. ಅದನ್ನು ಮತ್ತೆ ಮೆಟ್ಟಿಕೊಂಡು ಹೊರಟುಹೋದರು.

ಬ್ರಿಟನ್ನಿನ ಪುಸ್ತಕದಲ್ಲಿ ಗೂಬೆ ಪಂಡಿತ. ನಮ್ಮ ಓಣಿಯಲ್ಲಿ ಅದು ಬೈಗುಳ. ಸಂಜೆಯಷ್ಟರಲ್ಲಿ ಅವರು ‘ಗೂಬಿ ಟೀಚರ್’ ಆಗಿದ್ದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ದೇವದುರ್ಗದ ಮಗಳ ಮನೆ ಸೇರಿದ್ದಾರೆ ಅಂತ ಸುದ್ದಿ. ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುವ ಶರಣಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಅಣ್ಣಾ, ಟೀಚರ್‌ನ ನೀವ ಓಡಿಸಿದ್ರಿ. ಇನ್ನ ನಮಗ ಚಿತ್ರ ಯಾರು ತೋರಸ್ತಾರ?"

ಅವರು ಬಿಟ್ಟುಹೋದ ಪುಸ್ತಕ ಹಿಡಿದು ದೇವದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪುಟ ತಿರುವಿದೆ. ಆ ಚಿತ್ರಗಾರ ಕಪ್ಪೆಯನ್ನು ಎಲ್ಲಿಯೂ ಗೇಲಿ ಮಾಡಿಲ್ಲ. ಕಾಲು ಕಪ್ಪೆಯದೇ, ಕಣ್ಣು ಕಪ್ಪೆಯದೇ. ಆದರೂ ಅದಕ್ಕೊಂದು ಕೋಟು ತೊಡಿಸಿ, ಕುರ್ಚಿ ಕೊಟ್ಟು, ಮನುಷ್ಯರ ಸಾಲಿನಲ್ಲಿ ಮರ್ಯಾದೆಯಿಂದ ಕೂರಿಸಿದ್ದಾನೆ. ನಾನು? ಮರ್ಯಾದೆಯಿಂದ ಕೂತಿದ್ದ ಮನುಷ್ಯರನ್ನು ಎಬ್ಬಿಸಿ ಪ್ರಾಣಿ ಮಾಡಿದೆ. ಅದಕ್ಕೆ ಚಪ್ಪಾಳೆ ಬೇರೆ ತಗೊಂಡೆ.

ನಾಚಿಕೆಯೇನೋ ನಿಜವೇ. ಆದರೆ ಹಾಳು ಅಭ್ಯಾಸ ನೋಡಿ, ಕ್ಷಮೆ ಕೇಳುವುದನ್ನೂ ಬಸ್ಸಿನಲ್ಲಿ ಪ್ರಾಕ್ಟೀಸ್ ಮಾಡಿದೆ. ಸೋತ ಲೀಡರ್ ದನಿಯಲ್ಲಿ ಒಮ್ಮೆ, ಸೀರಿಯಲ್ ಸೊಸೆಯ ದನಿಯಲ್ಲಿ ಒಮ್ಮೆ. "ಯಾರ ಜೊತಿ ಮಾತಾಡಾಕತ್ತೀರಿ?" ಅಂತ ಕಂಡಕ್ಟರ್ ಕೇಳಿದ.

ಟೀಚರ್ ಅಂಗಳದಲ್ಲಿ ಕೂತಿದ್ದರು. ಕೈಮುಗಿದೆ. ತಲೆ ತಗ್ಗಿಸಿದೆ. "ನನ್ನಿಂದ ಭಾಳ ದೊಡ್ಡ ತಪ್ಪಾತ್ರೀ ಟೀಚರ್..." ದನಿ ಎಲ್ಲಿ ನಡುಗಬೇಕೋ ಅಲ್ಲಿಯೇ ನಡುಗಿತು. ಎಲ್ಲಿ ಒಡೆಯಬೇಕೋ ಅಲ್ಲಿಯೇ ಒಡೆಯಿತು.

ಅವರು ಪೂರ್ತಿ ಕೇಳಿಸಿಕೊಂಡರು. ಪುಸ್ತಕ ತೆಗೆದುಕೊಂಡು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಮುಖ ನೋಡಿ ಅಂದರು:

"ಕಪ್ಪಿದು ಮಾಡಿದಿ, ಇಲಿದು ಮಾಡಿದಿ, ನಂದೂ ಮಾಡಿದಿ. ಈಗ ಮಾಫಿ ಕೇಳಾಕತ್ತೀಯಲ್ಲ ಬೇಟಾ, ಇದು ಯಾರ ದನಿ?"