ಹಸಿರುಗಟ್ಟಿದ ದೇವದೂತ

ಜನವರಿಯ ಒಂದು ಬೆಳಗ್ಗೆ ಏಳೂಕಾಲಿಗೆ ಚಿಕ್ಕಮಗಳೂರಿನಲ್ಲಿ ಸರ್ಕಾರಿ ಬಸ್ಸು ಹತ್ತಿದೆ. ಹೆಂಗಸಾದ್ದರಿಂದ ಟಿಕೆಟ್ಟಿಗೆ ದುಡ್ಡಿಲ್ಲ, ಚಳಿಗೆ ಮಾತ್ರ ರಿಯಾಯಿತಿ ಇರಲಿಲ್ಲ. ಹಳೆಯ ಮರದ ಮೂರ್ತಿಗಳನ್ನು ದುರಸ್ತಿ ಮಾಡಿ ಬಣ್ಣ ತುಂಬುವುದು ನನ್ನ ಕಸುಬು. ಬಣಕಲ್ ಆಚೆಯ ಸಣ್ಣ ಊರಿನ ಚರ್ಚಿನಿಂದ ಫಾದರ್ ಫೋನ್ ಮಾಡಿದ್ದರು. ಮರದ ಬಲಿಪೀಠ ಉಳಿಯುತ್ತದೆಯೇ ಎಂದು ನಾನು ನೋಡಿ ಹೇಳಬೇಕಿತ್ತು; ಇಲ್ಲವಾದರೆ ಅದನ್ನು ಕಿತ್ತು ಮಾರ್ಬಲ್ ಹಾಕಿಸುತ್ತಾರಂತೆ.

ಮೂಡಿಗೆರೆಯಲ್ಲಿ ಕಡುಬು ತಿಂದು, ಬಣಕಲ್‌ನಲ್ಲಿ ಇಳಿದು ಆಟೋ ಹಿಡಿದೆ. ದಾರಿಯುದ್ದಕ್ಕೂ ಕಣಗಳಲ್ಲಿ ಕಾಫಿ ಒಣಗುತ್ತಿತ್ತು.

ಹೆಂಚಿನ ಮಾಡಿನ ಚರ್ಚು ಹೊರಗಿನಿಂದ ಗೋಡೌನಿನಂತೆ ಕಾಣುತ್ತದೆ. ಒಳಗೆ ಬೀಟೆಯ ಬೆಂಚುಗಳು, ಪಾಪನಿವೇದನೆಯ ಗೂಡಿಗೆ ಸಣ್ಣ ಜಾಲರಿ, ಕಲ್ಲಿನ ಜ್ಞಾನಸ್ನಾನದ ತೊಟ್ಟಿ. ಎದುರಿಗೆ ಆಳೆತ್ತರದ ಬಲಿಪೀಠ, ಇಕ್ಕೆಲದಲ್ಲಿ ಇಬ್ಬರು ಮರದ ದೇವದೂತರು. ಬಲಗಡೆಯವನ ಕೆನ್ನೆಯ ಬಣ್ಣ, ರೆಕ್ಕೆಯ ಚಿನ್ನ ಇನ್ನೂ ಹೊಳೆಯುತ್ತಿದ್ದವು. ಎಡಗಡೆಯವನ ಮುಖವೆಲ್ಲ ಹಸಿರುಗಟ್ಟಿ ಸುಲಿದಿತ್ತು; ಅವನ ಪಕ್ಕದಿಂದ ನಡುವಿನವರೆಗೆ ಪೀಠದ ಬಣ್ಣವೂ ಹಾಗೆಯೇ.

ನನ್ನ ನಾಲಿಗೆಗೆ ಲಗಾಮಿಲ್ಲ. “ಯಾವ ಪುಣ್ಯಾತ್ಮರು ಈ ಕೆಲಸ ಮಾಡಿದ್ದು?” ಎಂದುಬಿಟ್ಟೆ.

ಫಾದರ್ “ಸೋರಿಕೆ ಇರಬೇಕು” ಎಂದರು. ಚರ್ಚು ಗುಡಿಸಿ ಒರೆಸುವ ಸಿಸಿಲಿ ಬಾಯಿ ಹಿಂದೆಯೇ ನಿಂತಿದ್ದರು. ಎಪ್ಪತ್ತರ ಹತ್ತಿರದ ಜೀವ.

“ಸೋರಿದ್ದಲ್ಲ ಫಾದರ್, ನಾನೇ ಮಾಡಿದ್ದು. ಏಳು ವರ್ಷ ಆಯ್ತು. ಮಳೆಗಾಲ್ದಲ್ಲಿ ಪೀಠಕ್ಕೂ ಇವರ ಮೈಗೂ ಬೂಷ್ಟು ಹಿಡಿದಿತ್ತು. ಎಸ್ಟೇಟಲ್ಲಿ ಕಾಫಿಗೆ ಹೊಡ್ದು ಉಳಿದ ಬೋರ್ಡೋ ಮದ್ದು ತಂದು ಎಡಗಡೆಯಿಂದ ಹೊಡ್ಕೊಂಡು ಬಂದೆ. ಕೊಳೆರೋಗದಿಂದ ಗಿಡ ಉಳ್ಸೋ ಮದ್ದು ಇವರನ್ನ ಉಳ್ಸಲ್ವಾ ಅಂದ್ಕೊಂಡೆ.”

ಮೈಲುತುತ್ತ, ಸುಣ್ಣ ಕಲಸಿದ ಆ ಮದ್ದನ್ನು ಬಣ್ಣದ ಮೂರ್ತಿಗೆ ಹೊಡೆಯುವುದೇ! ಅಯ್ಯೋ ದೇವರೇ ಎನಿಸಿತು. ಆದರೆ ಸಿಸಿಲಿ ಬಾಯಿಯವರ ಮುಖ ನೋಡಿ ಬೈಯಲು ಮನಸ್ಸು ಬರಲಿಲ್ಲ. ಮರ ಎಲ್ಲಿ ಕೊಳೆತಿದೆ ಎಂದು ಚುಚ್ಚಿ ನೋಡಲು ದಬ್ಬಳ ತೆಗೆದು ಕುಳಿತೆ.

ಹಸಿರು ದೇವದೂತನ ಬೆನ್ನಿಗೆ ಎಷ್ಟು ಒತ್ತಿದರೂ ದಬ್ಬಳ ಇಳಿಯಲಿಲ್ಲ. ಪೀಠದ ಎಡಭಾಗವೂ ಗಟ್ಟಿ, ನಡುಭಾಗವೂ ಗಟ್ಟಿ. ಬಲಗಡೆಯ ಚೆಂದದ ದೇವದೂತನ ಬೆನ್ನಿಗೆ ಮೆಲ್ಲಗೆ ಒತ್ತಿದೆ. ದಬ್ಬಳ ಹಿಡಿಯವರೆಗೆ ಒಳಹೋಯಿತು. ಹೊರಗೆಳೆದಾಗ ಒದ್ದೆ ಪುಡಿ ಉದುರಿತು.

“ಫಾದರ್, ಪೀಠ ಕೀಳಬೇಡಿ, ಇನ್ನೂ ಎರಡು ತಲೆಮಾರು ನಿಲ್ಲುತ್ತದೆ. ಬಾಯಿಯವರ ಮದ್ದು ಬಣ್ಣ ತಿಂದಿದೆ, ಮರ ಉಳಿಸಿದೆ. ಈ ಬಲಗಡೆಯವನು ಮಾತ್ರ ಒಳಗೆಲ್ಲ ಕೊಳೆತಿದ್ದಾನೆ. ಇವನು ಉಳಿಯುವುದಿಲ್ಲ” ಎಂದೆ.

ಫಾದರ್ ಉಸಿರು ಬಿಟ್ಟು, “ಕೇಳಿದ್ರಾ ಬಾಯಿ, ಪೀಠ ಉಳಿದದ್ದೇ ನಿಮ್ಮಿಂದ” ಎಂದರು. ಬಾಯಿ ಬಗ್ಗಿ, ಬಲಗಡೆಯವನ ಬುಡದಲ್ಲಿ ಉದುರಿದ್ದ ಪುಡಿ ಗುಡಿಸತೊಡಗಿದರು.

ಮಧ್ಯಾಹ್ನ ಬಾಯಿಯವರೇ ಗಂಜಿ, ಒಣಮೀನು ಬಡಿಸಿದರು. ಮೂರರ ಬಸ್ಸಿಗೆಂದು ನಾನು ಹೊರಟಾಗ ಗೇಟಿನವರೆಗೆ ಬಂದರು. ಸಮಾಧಾನವಾಯಿತೇ ಎಂದು ಕೇಳಿದೆ.

“ಮದ್ದು ಇನ್ನೂ ಅರ್ಧ ಕೊಡ ಇತ್ತು ಮೇಡಂ. ಬಣ್ಣ ಹೋಗೋದು ಕಂಡು ಹೆದ್ರಿ, ಬಲಗಡೆಯವನಿಗೆ ಹೊಡೀದೆ ನಾನೇ ನಿಲ್ಲಿಸ್ಬಿಟ್ಟೆ” ಎಂದರು.

ಅವರ ಕೈ ಹಿಡಿದು, ಬಿಟ್ಟು, ಆಟೋ ಹತ್ತಿದೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಗೇಟಿನಲ್ಲಿ ಅವರಿರಲಿಲ್ಲ. ಚರ್ಚಿನ ಬಾಗಿಲು ತೆರೆದಿತ್ತು.